ಉಪ್ಪಿನ ಋಣ, ನೀರಿನ ಋಣ

‘ಕೃತಜ್ಞತೆ’ ಎಂಬ ಮಾತನ್ನು ಸಭೆಯ ವಂದನಾರ್ಪಣೆಯಲ್ಲಿ, ಪುಸ್ತಕದ ಅರಿಕೆಯಲ್ಲಿ, ಕಚೇರಿಯ ಪತ್ರದ ಕೊನೆಯಲ್ಲಿ ಬಳಸಿ ಬಳಸಿ ಅದರ ಅಂಚು ಸವೆದಿದೆಯಾದರೂ, ಪದವನ್ನು ಬಿಡಿಸಿದರೆ ಹೊರಡುವ ಅರ್ಥ ಇಂದಿಗೂ ಹರಿತವಾಗಿಯೇ ಇದೆ. ‘ಕೃತ’ವೆಂದರೆ ಮಾಡಿದ್ದು, ‘ಜ್ಞ’ ಎಂದರೆ ಬಲ್ಲವನು. ತನಗಾಗಿ ಏನೇನು ಮಾಡಲಾಗಿದೆ ಎಂಬುದನ್ನು ಬಲ್ಲವನು ಕೃತಜ್ಞ. ಕರಗಿದ ಮನಸ್ಸು, ತುಂಬಿಬಂದ ಕಣ್ಣು, ಗದ್ಗದವಾದ ಕಂಠ ಇವು ಯಾವುವೂ ಆ ಪದದ ಒಳಗಿಲ್ಲ, ಅಲ್ಲಿರುವುದು ಅರಿವು ಒಂದೇ. ಅದಕ್ಕೆ ಎದುರಾಗಿ ನಿಲ್ಲುವ ‘ಕೃತಘ್ನ’ ಎಂಬ ಪದಕ್ಕೆ ಮಾಡಿದ್ದನ್ನು ಕೊಂದವನು ಎಂಬ ಅರ್ಥವಿದ್ದು, ಉಪಕಾರವನ್ನು ಮರೆಯುವುದು ಬರಿಯ ಅಲಕ್ಷ್ಯವಲ್ಲ, ಒಂದು ಬಗೆಯ ಹತ್ಯೆ ಎಂಬ ಕಟುವಾದ ತೀರ್ಪು ಆ ಸಮಾಸದಲ್ಲಿಯೇ ಅಡಗಿದೆ.

ಇದು ಸಂಸ್ಕೃತದ ಒಂದು ಪದಕ್ಕೆ ಮಾತ್ರ ಸೇರಿದ ಹೊಳಹಲ್ಲ. ಪಾಳಿಯ ಅಂಗುತ್ತರ ನಿಕಾಯದಲ್ಲಿ ಲೋಕದಲ್ಲಿ ಎರಡು ಬಗೆಯ ಜನ ದುರ್ಲಭರೆಂದು ಬುದ್ಧ ಹೇಳುವ ಪ್ರಸಂಗವಿದ್ದು, ಯಾರೂ ಕೇಳುವ ಮೊದಲೇ ಉಪಕರಿಸುವ ‘ಪುಬ್ಬಕಾರಿ’ ಅವರಲ್ಲಿ ಮೊದಲನೆಯವನಾದರೆ, ಮಾಡಿದ್ದನ್ನು ಬಲ್ಲ ಮತ್ತು ಹಾಗೆ ಬಲ್ಲೆನೆಂಬುದನ್ನು ನಡೆಯಲ್ಲಿ ತೋರುವ ‘ಕತಞ್ಞೂ ಕತವೇದಿ’ ಎರಡನೆಯವನು. ಇಲ್ಲಿಯೂ ಅರಿವೇ ಮೊದಲು, ತೋರುವುದು ಆಮೇಲೆ. ಅರಬ್ಬಿಯಲ್ಲಿ ‘ಶುಕ್ರ್’ ಎಂದರೆ ಕೃತಜ್ಞತೆ, ಅದಕ್ಕೆ ಎದುರಾಗಿ ಕುರ್‌ಆನಿನಲ್ಲಿ ಬರುವ ಪದ ‘ಕುಫ್ರ್’. ಈ ಎರಡನೆಯ ಪದದ ಧಾತುವಿಗೆ ಮುಚ್ಚುವುದು ಎಂಬ ಮೂಲಾರ್ಥವಿದ್ದು, ಬಿತ್ತಿದ ಬೀಜದ ಮೇಲೆ ಮಣ್ಣು ಎಳೆಯುವ ಬೇಸಾಯಗಾರನಿಗೂ ಅದೇ ಧಾತುವಿನಿಂದ ಹುಟ್ಟಿದ ಹೆಸರಿದೆ. ಬಂದದ್ದನ್ನು ಕಂಡೂ ಮುಚ್ಚಿಡುವುದೇ ಕೃತಘ್ನತೆ ಎಂಬ ಈ ಎಣಿಕೆ ದೂರದ ಇನ್ನೊಂದು ಭಾಷಾಕುಲದಲ್ಲಿ, ಇನ್ನೊಂದು ಧರ್ಮದ ಮಾತಿನಲ್ಲಿ ಹುಟ್ಟಿದ್ದರೂ ಮೇಲಿನ ಎರಡು ಪದಗಳಿಗೆ ಒಡಹುಟ್ಟಿದಂತಿದೆ.

ಕೃತಜ್ಞತೆ ಅರಿವೇ ಆದಲ್ಲಿ, ದಿನದಿನದ ನೀರು, ಉಪ್ಪು, ಅನ್ನ, ಬೆಂಕಿ, ಉಸಿರು, ಗುಡಿಸಿದ ಅಂಗಳ ಇವುಗಳ ವಿಷಯದಲ್ಲಿ ಆ ಅರಿವು ಏಕೆ ಇಷ್ಟು ಸುಲಭವಾಗಿ ಕೈತಪ್ಪುತ್ತದೆ ಎಂಬುದು ನೀತಿಯ ಪ್ರಶ್ನೆಯಾಗುವುದಕ್ಕಿಂತ ಮೊದಲು ಜ್ಞಾನದ ಪ್ರಶ್ನೆಯಾಗುತ್ತದೆ. ಇದ್ದ ವಸ್ತು ಏಕೆ ಕಾಣುವುದಿಲ್ಲ ಎಂಬುದನ್ನು ಈಶ್ವರಕೃಷ್ಣನ ಸಾಂಖ್ಯಕಾರಿಕೆ ಎಂಟು ಕಾರಣಗಳಲ್ಲಿ ಹೇಳುತ್ತದೆ: ವಸ್ತು ಬಹಳ ದೂರವಿರಬಹುದು, ಬಹಳ ಹತ್ತಿರವಿರಬಹುದು, ಇಂದ್ರಿಯ ಕೆಟ್ಟಿರಬಹುದು, ಮನಸ್ಸು ಬೇರೆಡೆ ಇರಬಹುದು, ವಸ್ತು ಅತಿಸೂಕ್ಷ್ಮವಾಗಿರಬಹುದು, ನಡುವೆ ಅಡ್ಡ ಇರಬಹುದು, ಹೆಚ್ಚು ಪ್ರಬಲವಾದ ಇನ್ನೊಂದು ಅದನ್ನು ಅಡಗಿಸಿರಬಹುದು, ತನ್ನಂಥವುಗಳೊಡನೆ ಅದು ಬೆರೆತುಹೋಗಿರಬಹುದು. ಅತಿಸಾಮೀಪ್ಯಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ ಕಣ್ಣಿಗೆ ಹಚ್ಚಿದ ಕಾಡಿಗೆ. ಎಲ್ಲರಿಗೂ ಕಾಣುವ ಅದು ಹಚ್ಚಿಕೊಂಡ ಕಣ್ಣಿಗೆ ಮಾತ್ರ ಕಾಣದು. ಪ್ರಕೃತಿಯಂಥ ಕಾಣದ ತತ್ತ್ವವೂ ಇರಬಲ್ಲದು ಎಂದು ಸ್ಥಾಪಿಸಲು ಹೊರಟ ಈ ಪಟ್ಟಿ ಅಡುಗೆಮನೆಯ ತತ್ತ್ವಜ್ಞಾನಕ್ಕೂ ಅಷ್ಟೇ ಚೆನ್ನಾಗಿ ಒದಗುತ್ತದೆ. ಉಸಿರು ಕಾಣದಿರುವುದು ಅದು ಕಾಡಿಗೆಯಷ್ಟು ಹತ್ತಿರವಿರುವುದರಿಂದ. ಸಾರಿನ ಉಪ್ಪು ನೆನಪಿಗೆ ಬಾರದಿರುವುದು ಅದು ಸರಿಯಾಗಿ ಬೆರೆತಿರುವುದರಿಂದ, ಒಂದು ಚಿಟಿಕೆ ಕಡಿಮೆಯಾದ ದಿನ ಮಾತ್ರ ಎಲೆಯ ಮುಂದೆ ಕೂತವರೆಲ್ಲ ಅದರ ಹೆಸರು ಹೇಳುತ್ತಾರೆ. ಮನಸ್ಸು ಬೇರೆಡೆ ಇದ್ದು ಕಾಣದಿರುವುದಂತೂ ಎಲ್ಲರ ಪಾಡು. ಆದರೆ ಈ ಪಟ್ಟಿಯಲ್ಲಿ ‘ವ್ಯವಧಾನ’ ಎಂಬ ಇನ್ನೊಂದು ಕಾರಣವಿದೆ, ಎಂದರೆ ನಡುವೆ ನಿಂತ ಗೋಡೆ. ಹತ್ತಿರವಿರುವುದು ವಸ್ತುವಿನ ಗುಣವಾದರೆ, ಗೋಡೆಯನ್ನು ಯಾರೋ ಕಟ್ಟಿರುತ್ತಾರೆ. ದಿನಬಳಕೆಯ ವಸ್ತುಗಳ ಬಗೆಗಿನ ಕೃತಜ್ಞತೆಯನ್ನು ಕುರಿತ ಧಾರ್ಮಿಕ ಬರಹಗಳಲ್ಲಿ ಬಹುಪಾಲು ಸಾಮೀಪ್ಯ, ಬೆರಕೆಗಳೆಂಬ ಕಾರಣಗಳಲ್ಲಿಯೇ ಸುತ್ತಾಡಿ ಈ ಗೋಡೆಯ ಬಳಿಗೆ ಬರುವ ಹೊತ್ತಿಗೆ ಮೌನ ತಾಳುತ್ತವೆ.

ಕನ್ನಡದ ಆಡುಮಾತಿನಲ್ಲಿ ‘ಧನ್ಯವಾದ’ ಎಂಬುದು ಇಂದಿಗೂ ಜಗಲಿಯ ತುದಿಯಲ್ಲಿ ಸಂಕೋಚದಿಂದ ಕೂತ ನೆಂಟನಂತಿದೆ. ಬಿಸಿಲಲ್ಲಿ ನಡೆದು ಬಂದವನಿಗೆ ಒಂದು ತಂಬಿಗೆ ನೀರು, ಜತೆಗೆ ಬೆಲ್ಲದ ಚೂರು ಕೊಟ್ಟರೆ, ಕುಡಿದವನು ‘ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ’ ಎನ್ನುತ್ತಾನೆಯೇ ಹೊರತು ಧನ್ಯವಾದ ಎನ್ನುವುದಿಲ್ಲ. ತಣಿದದ್ದು ಅವನ ಹೊಟ್ಟೆಯಾದರೂ ಅದೇ ತಂಪನ್ನು ಕೊಟ್ಟವಳಿಗೆ ಹಾರೈಸುವ ಈ ಮಾತಿನಲ್ಲಿ ಲೆಕ್ಕ ಚುಕ್ತಾ ಮಾಡುವ ಆತುರವಿಲ್ಲ. ವರ್ಗವಾಗಿ ಹೊರಟ ಮಾಸ್ತರರು ‘ಈ ಊರಿನ ನೀರಿನ ಋಣ ಇಷ್ಟೇ ಇತ್ತು’ ಎನ್ನುತ್ತಾರೆ, ತೀರಿಕೊಂಡವರ ವಿಷಯದಲ್ಲಿ ‘ಅನ್ನದ ಋಣ ಮುಗಿಯಿತು’ ಎನ್ನುತ್ತಾರೆ, ಕೂಡಿಬಂದ ಮದುವೆಗೆ ‘ಋಣಾನುಬಂಧ’ ಎನ್ನುತ್ತಾರೆ, ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ಗಾದೆ ಕಟ್ಟುತ್ತಾರೆ. ಇಲ್ಲಿ ಋಣ ಮತ್ತು ಸಾಲ ಎಂಬ ಎರಡು ಪದಗಳನ್ನು ಕನ್ನಡ ಬೇರೆ ಬೇರೆಯಾಗಿ ಇಟ್ಟುಕೊಂಡಿರುವುದನ್ನು ಗಮನಿಸಬೇಕು: ಸಾಲ ತೀರಿದರೆ ಕೊಟ್ಟವನಿಗೂ ಪಡೆದವನಿಗೂ ನಿರಾಳ, ಋಣ ತೀರಿತೆಂದರೆ ಅಲ್ಲಿಗೆ ನಂಟೇ ಮುಗಿಯಿತು ಎಂದರ್ಥ. ಆದ್ದರಿಂದ ಬದುಕಿರುವಷ್ಟು ಕಾಲ ಋಣದಲ್ಲಿರುವುದು ಇಲ್ಲಿ ಅವಮಾನವಲ್ಲ, ಬದುಕಿರುವುದರ ಇನ್ನೊಂದು ಹೆಸರು.

ಈ ಭಾವನೆಯ ಹಳೆಯ ಶಾಸ್ತ್ರೀಯ ರೂಪ ವೈದಿಕ ವಾಙ್ಮಯದ ‘ಋಣತ್ರಯ’, ಎಂದರೆ ಮೂರು ಋಣಗಳ ಕಲ್ಪನೆ. ಹುಟ್ಟುವ ಬ್ರಾಹ್ಮಣ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿಯೇ ಹುಟ್ಟುತ್ತಾನೆ, ಬ್ರಹ್ಮಚರ್ಯದ ಅಧ್ಯಯನದಿಂದ, ಯಜ್ಞದಿಂದ, ಸಂತಾನದಿಂದ ಅವನ್ನು ಕ್ರಮವಾಗಿ ತೀರಿಸುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಮುಂದಿನ ಧರ್ಮಶಾಸ್ತ್ರಗಳೂ ಹರಿಕಥೆಗಳೂ ಈ ಮೂರನ್ನೇ ಹಿಡಿದು ಸಾಗಿದವು. ಶತಪಥ ಬ್ರಾಹ್ಮಣ ಮಾತ್ರ ಎರಡು ಹೆಜ್ಜೆ ಮುಂದೆ ಹೋಗಿ, ಇರುವವನು ಯಾವನೇ ಆಗಲಿ ಋಣಿಯೇ ಎಂದು ವರ್ಣದ ಕಟ್ಟನ್ನು ಸಡಿಲಿಸುವುದಲ್ಲದೆ, ಮೂರರ ಜತೆಗೆ ಮನುಷ್ಯರಿಗೆ ಸಲ್ಲಬೇಕಾದ ನಾಲ್ಕನೆಯ ಋಣವನ್ನು ಸೇರಿಸಿ, ಬಂದವರಿಗೆ ಇರಲು ಜಾಗ ಕೊಡುವುದರಿಂದ ಮತ್ತು ಉಣ್ಣಲು ಇಕ್ಕುವುದರಿಂದ ಅದನ್ನು ಸಲ್ಲಿಸಬೇಕೆನ್ನುತ್ತದೆ. ಈ ನಾಲ್ಕನೆಯ ಋಣ ಮುಂದೆ ಏಕೆ ಹಿಂದೆ ಸರಿಯಿತು ಎಂಬುದಕ್ಕೆ ಒಂದೇ ಉತ್ತರ ಹೇಳುವುದು ಕಷ್ಟವಾದರೂ, ದೇವತೆಗೂ ಸತ್ತವರಿಗೂ ಋಣಿಯಾಗಿರುವುದಕ್ಕಿಂತ ಬದುಕಿ ಎದುರಿಗೆ ನಿಂತ ಮನುಷ್ಯನಿಗೆ ಋಣಿಯಾಗಿರುವುದು ಹೆಚ್ಚು ತೊಡಕಿನ ಕೆಲಸ ಎಂಬುದಂತೂ ನಿಜ. ದೇವತೆ ಎದುರು ಮಾತಾಡುವುದಿಲ್ಲ, ಕೂಲಿ ಹೆಚ್ಚಿಸು ಎನ್ನುವುದಿಲ್ಲ.

ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಬರುವ ‘ಪಂಚಸೂನಾ’ ಎಂಬ ಕಲ್ಪನೆ ದಿನಬಳಕೆಯ ವಸ್ತುಗಳನ್ನು ಇನ್ನೂ ಹತ್ತಿರದಿಂದ ನೋಡುತ್ತದೆ. ‘ಸೂನಾ’ ಎಂದರೆ ಪ್ರಾಣಿವಧೆಯ ಸ್ಥಾನ. ಗೃಹಸ್ಥನ ಮನೆಯಲ್ಲಿ ಅಂಥ ಐದು ಸ್ಥಾನಗಳಿವೆಯೆಂದು ಹೇಳಿ ಸ್ಮೃತಿ ಎಣಿಸುವುದು ಕತ್ತಿಯನ್ನೋ ಬಲೆಯನ್ನೋ ಅಲ್ಲ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ ಮತ್ತು ನೀರಿನ ಕೊಡವನ್ನು. ಸೌದೆಯ ಸೀಳಿನೊಳಗೆ ಮನೆಮಾಡಿದ್ದ ಹುಳು ಬೆಂಕಿಯಲ್ಲಿ ಚಟಚಟ ಎನ್ನುತ್ತದೆ. ಹಿಡಿ ಹಿಡಿಯಾಗಿ ಕಲ್ಲಿನ ಬಾಯಿಗೆ ಬಿದ್ದ ಜೋಳದೊಂದಿಗೆ ಒಳಗೆ ಕೂತ ಹುಳವೂ ಹಿಟ್ಟಾಗುತ್ತದೆ. ಬೆಳಗಿನ ಅರೆಗತ್ತಲಲ್ಲಿ ಎಳೆದ ಪೊರಕೆಯ ಕಡ್ಡಿಗೆ ಇರುವೆಯ ಸಾಲು ಎರಡಾಗಿ ತುಂಡಾಗುತ್ತದೆ. ಒನಕೆ ಮೇಲೆದ್ದು ಕೆಳಗಿಳಿಯುವ ನಡುವೆ ಒರಳಿಗೆ ಇಳಿದದ್ದೇನೆಂದು ಯಾರೂ ನೋಡುವುದಿಲ್ಲ. ತುಂಬಿದ ಕೊಡವನ್ನು ನೆಲದ ಮೇಲೆ ಕುಕ್ಕಿದಾಗ ಅದರ ತಳದಡಿ ಏನಿತ್ತೆಂಬುದು ಕೊಡವನ್ನು ಮತ್ತೆ ಎತ್ತುವವರೆಗೆ ತಿಳಿಯುವುದೂ ಇಲ್ಲ. ಒಂದು ತುತ್ತು ಬಾಯಿಗೆ ಬರುವ ಹೊತ್ತಿಗೆ ಎಷ್ಟು ಸಣ್ಣ ಸಾವುಗಳು ಆಗಿಹೋಗಿರುತ್ತವೆ ಎಂಬುದನ್ನು ಇಷ್ಟು ಮನೆವಾರ್ತೆಯ ವಿವರದಲ್ಲಿ ಹೇಳುವ ಧರ್ಮಗ್ರಂಥಗಳು ವಿರಳ. ಅನ್ನಕ್ಕೆ ಕೃತಜ್ಞರಾಗಿರಬೇಕಾದದ್ದು ಅದು ಸಿಕ್ಕಿತೆಂಬುದಕ್ಕೆ ಮಾತ್ರವಲ್ಲ, ಅದಕ್ಕಾಗಿ ಏನೇನು ಹೋಯಿತೆಂಬುದಕ್ಕೂ ಎಂಬ ಎಚ್ಚರ ಇದರಲ್ಲಿದೆ. ಈ ವಧೆಗೆ ಪ್ರತಿಯಾಗಿ ವಿಧಿಸಿದ ಐದು ಮಹಾಯಜ್ಞಗಳಲ್ಲಿ ‘ಭೂತಯಜ್ಞ’, ಅಂದರೆ ಇರುವ ಎಲ್ಲ ಜೀವಿಗಳಿಗೆ ಅನ್ನದ ಪಾಲು ಇಡುವುದು ಒಂದು; ಬೇಯಿಸಿದ ಅನ್ನದ ತುತ್ತುಗಳನ್ನು ಬಾಗಿಲ ಬಳಿ, ನೀರಿನ ಬಳಿ, ವನಸ್ಪತಿಗಳ ಹೆಸರಿನಲ್ಲಿ ಒರಳು-ಒನಕೆಯ ಬಳಿ ಇಡಬೇಕೆಂದು ಅಲ್ಲಿ ಹೇಳಿದೆ. ಒನಕೆ ಒಂದು ಕಾಲದಲ್ಲಿ ಮರವಾಗಿತ್ತೆಂಬುದನ್ನು ನೆನೆಯುವ ಆ ತುತ್ತಿಗಿಂತ ನಿಖರವಾದ ಕೃತಜ್ಞತೆ ಸಿಗುವುದು ಕಷ್ಟ.

ಇಷ್ಟೆಲ್ಲ ಕಾಣಬಲ್ಲ ಕಣ್ಣು ಕಾಣದೆ ಬಿಟ್ಟದ್ದೇನೆಂಬುದೂ ಅಲ್ಲಿಯೇ ಗೋಚರಿಸುತ್ತದೆ. ಒಲೆ, ಕಲ್ಲು, ಪೊರಕೆ, ಒನಕೆ, ಕೊಡ ಈ ಐದನ್ನೂ ಹಿಡಿದ ಕೈ ಹೆಂಗಸಿನದು. ಪಾಪ ಅಂಟುವುದು ಮತ್ತು ಯಜ್ಞದಿಂದ ಅದನ್ನು ತೊಳೆದುಕೊಳ್ಳುವುದು ಗೃಹಸ್ಥನೆಂಬ ಗಂಡಸಿಗೆ. ಇರುವೆಯ ಸಾವಿಗೆ ಲೆಕ್ಕವಿಟ್ಟ ಸ್ಮೃತಿಯಲ್ಲಿ ಬೆಳಗಿನ ಜಾವದಿಂದ ಕಲ್ಲು ತಿರುಗಿಸಿ ಬೊಬ್ಬೆಯೆದ್ದ ಅಂಗೈಗೆ ಋಣದ ಒಂದು ಕಲಮೂ ಇಲ್ಲ. ಅಷ್ಟೇ ಅಲ್ಲ, ಭೂತಯಜ್ಞದ ಕೊನೆಯಲ್ಲಿ ನೆಲದ ಮೇಲೆ ಮೆಲ್ಲಗೆ ಅನ್ನವಿಡಬೇಕಾದವರ ಪಟ್ಟಿಯಲ್ಲಿ ನಾಯಿ, ಕಾಗೆ, ಕ್ರಿಮಿಗಳ ಜತೆಗೆ ಪತಿತರನ್ನೂ ಅಸ್ಪೃಶ್ಯರೆಂದು ಹೊರಗಿಟ್ಟ ಶ್ವಪಚರನ್ನೂ ರೋಗಿಗಳನ್ನೂ ಸೇರಿಸಲಾಗಿದೆ. ಕೊಡುವ ಕೈಯಲ್ಲಿ ಕರುಣೆ ಇದೆ, ಆದರೆ ಪಡೆಯುವವನನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಆ ಕರುಣೆ ಮೊದಲೇ ತೀರ್ಮಾನಿಸಿಕೊಂಡಿದೆ. ಸಾಂಖ್ಯರ ಮಾತಿನಲ್ಲಿ ಹೇಳುವುದಾದರೆ, ಅತಿಸಾಮೀಪ್ಯದಿಂದ ಮರೆಯಾದದ್ದನ್ನು ಈ ವಿಧಿ ಕಾಣಿಸಿತು, ಗೋಡೆಯನ್ನು ಹಾಗೆಯೇ ಉಳಿಸಿಕೊಂಡಿತು.

ಕೃತಜ್ಞತೆಯನ್ನು ಸಲ್ಲಿಸುವುದು ಯಾರಿಗೆ ಎಂಬ ಪ್ರಶ್ನೆಯನ್ನು ತಾತ್ತ್ವಿಕರು ಸುಮ್ಮನೆ ಬಿಟ್ಟಿಲ್ಲ. ಉಪಕಾರ ಮಾಡಬೇಕೆಂಬ ಉದ್ದೇಶ ಇದ್ದವರಿಗೆ ಮಾತ್ರ ಕೃತಜ್ಞತೆ ಸಲ್ಲಬೇಕೆಂದರೆ, ಉದ್ದೇಶವೇ ಇಲ್ಲದ ನೀರಿಗೆ, ನೆಲಕ್ಕೆ, ಗಾಳಿಗೆ ಸಲ್ಲಿಸುವ ಕೃತಜ್ಞತೆ ಅಲಂಕಾರದ ಮಾತಾಗಿಬಿಡುತ್ತದೆ. ಆಸ್ತಿಕರು ಇದಕ್ಕೆ ಅವುಗಳ ಹಿಂದೆ ಕೊಡುವ ದೇವರಿದ್ದಾನೆಂದು ಉತ್ತರಿಸುತ್ತಾರೆ. ಯಜ್ಞವನ್ನೇ ಉಸಿರಾಡಿದ ಮೀಮಾಂಸಕರು ಮಾತ್ರ ವಿಚಿತ್ರವಾದ ನಿಲುವು ತಳೆದರು. ಜೈಮಿನಿಯ ಸೂತ್ರಗಳಿಗೆ ಭಾಷ್ಯ ಬರೆದ ಶಬರನ ಪ್ರಕಾರ ದೇವತೆಗೆ ಮೈಯಿಲ್ಲ, ಅದು ಉಣ್ಣುವುದಿಲ್ಲ, ಒಲಿದು ಫಲ ಕೊಡುವುದೂ ಇಲ್ಲ. ಆಹುತಿ ಕೊಡುವ ವಾಕ್ಯದಲ್ಲಿ ಚತುರ್ಥೀ ವಿಭಕ್ತಿ, ಎಂದರೆ ಕನ್ನಡದ ‘ಗೆ’, ‘ಕ್ಕೆ’ ಪ್ರತ್ಯಯಗಳಿಗೆ ಸಮನಾದ ರೂಪ ಯಾವ ಹೆಸರಿಗೆ ಸೇರುತ್ತದೆಯೋ ಅದೇ ದೇವತೆ. ಭಕ್ತರಿಗೆ ಇದು ಒಣ ವ್ಯಾಕರಣವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೂ ಪಡೆಯುವವರು ಎದುರಿಗೆ ಇಲ್ಲದಿದ್ದರೂ ‘ಇದು ನನ್ನದಲ್ಲ, ಇಂಥವರಿಗೆ’ ಎಂದು ಬಿಟ್ಟುಕೊಡುವ ಕ್ರಿಯೆ ತನ್ನಷ್ಟಕ್ಕೆ ಪೂರ್ಣವೆಂಬ ಮಾತು ಅದರಲ್ಲಿದೆ, ಮತ್ತು ಆ ಮಾತಿಗೆ ನಾಸ್ತಿಕನೂ ತಲೆದೂಗಬಹುದು.

ಜೈನರ ಉತ್ತರ ಇದಕ್ಕಿಂತಲೂ ನೇರವಾದುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಜಗತ್ತಿನ ದ್ರವ್ಯಗಳು ಏನು ಮಾಡುತ್ತವೆ ಎಂಬುದನ್ನು ಹೇಳಲು ಬಳಸಿರುವ ಪದವೇ ‘ಉಪಕಾರ’. ಚಲಿಸುವವರಿಗೆ ಚಲನೆಗೆ ಒದಗುವುದು ಧರ್ಮವೆಂಬ ದ್ರವ್ಯದ ಉಪಕಾರ, ನಿಲ್ಲುವವರಿಗೆ ನಿಲ್ಲಲು ಒದಗುವುದು ಅಧರ್ಮದ್ರವ್ಯದ ಉಪಕಾರ. ಇಲ್ಲಿ ಧರ್ಮ, ಅಧರ್ಮಗಳೆಂದರೆ ಪುಣ್ಯಪಾಪಗಳಲ್ಲ, ಮೀನಿಗೆ ನೀರಿದ್ದಂತೆ, ದಾರಿಹೋಕನಿಗೆ ಮರದ ನೆರಳಿದ್ದಂತೆ ಜೀವಿಗಳ ಚಲನೆಗೂ ನಿಲುಗಡೆಗೂ ಆಸರೆಯಾಗುವ ಜಡದ್ರವ್ಯಗಳು. ಎಲ್ಲಕ್ಕೂ ಜಾಗ ಕೊಡುವುದು ಆಕಾಶದ ಉಪಕಾರ. ದೇಹ, ಮಾತು, ಮನಸ್ಸು, ಒಳಗೆಳೆದು ಹೊರಬಿಡುವ ಉಸಿರು ಇವು ಪುದ್ಗಲದ, ಎಂದರೆ ಭೌತದ್ರವ್ಯದ ಉಪಕಾರ. ಸುಖದ ಜತೆಗೆ ದುಃಖವನ್ನೂ ಬದುಕಿನ ಜತೆಗೆ ಮರಣವನ್ನೂ ಸೂತ್ರಕಾರ ಅದೇ ಪಟ್ಟಿಗೆ ಸೇರಿಸುತ್ತಾನೆ. ಅದಾದ ಮೇಲೆ ಬರುವುದು ಜೀವಗಳು ಒಂದಕ್ಕೊಂದು ಒದಗುವುದೇ ಜೀವಗಳ ಉಪಕಾರ ಎಂಬ ಪ್ರಸಿದ್ಧ ಸೂತ್ರ. ಕನ್ನಡ ನಾಡಿನ ಜೈನ ಪರಂಪರೆಗೆ ಸೇರಿದ ಪೂಜ್ಯಪಾದನ ಸರ್ವಾರ್ಥಸಿದ್ಧಿ ಈ ಗ್ರಂಥಕ್ಕೆ ಬರೆದ ಹಳೆಯ ವ್ಯಾಖ್ಯಾನಗಳಲ್ಲಿ ಒಂದು. ಸೃಷ್ಟಿಕರ್ತನನ್ನು ಒಪ್ಪದ ದರ್ಶನವೊಂದು ನಿಂತ ನೆಲದ, ಸರಿಯುವ ಜಾಗದ ಕೆಲಸವನ್ನೂ ಉಪಕಾರವೆಂದೇ ಕರೆದದ್ದರಿಂದ, ಕೃತಜ್ಞತೆಗೆ ಉದ್ದೇಶವುಳ್ಳ ದಾತನೊಬ್ಬ ಇರಲೇಬೇಕೆಂಬ ವಾದ ಈ ನಾಡಿನ ಚಿಂತನೆಯಲ್ಲಿ ಬಹಳ ಹಿಂದೆಯೇ ಸಡಿಲಗೊಂಡಿತ್ತೆನ್ನಬೇಕು.

ಶಾಸ್ತ್ರದ ಈ ಚರ್ಚೆಗಳನ್ನು ಕೇಳಿರದ ಮನೆಗಳಲ್ಲಿಯೂ ವರ್ಷಕ್ಕೊಮ್ಮೆ ನೀರಿಗೆ, ನೆಲಕ್ಕೆ ಮುಖಾಮುಖಿಯಾಗುವ ಪದ್ಧತಿ ಉಳಿದುಬಂದಿದೆ. ದೀಪಾವಳಿಯ ನರಕ ಚತುರ್ದಶಿಯ ಹಿಂದಿನ ಸಂಜೆಯನ್ನು ಕರ್ನಾಟಕದಲ್ಲಿ ನೀರು ತುಂಬುವ ಹಬ್ಬ ಎನ್ನುತ್ತಾರೆ. ವರ್ಷವಿಡೀ ಹೊಗೆ ಕುಡಿದು ಕಪ್ಪಾದ ಬಚ್ಚಲುಮನೆಯ ಹಂಡೆಯನ್ನು ಅಂದು ಹುಣಸೆಹಣ್ಣು, ಬೂದಿ ಹಚ್ಚಿ ತಾಮ್ರದ ಕೆಂಪು ಹೊರಡುವವರೆಗೆ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು, ಅದರ ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಬಾವಿಕಟ್ಟೆಗೆ ಅರಿಶಿನ-ಕುಂಕುಮವಿಟ್ಟು ಸೇದಿ ತಂದ ಹೊಸನೀರನ್ನು ತುಂಬುತ್ತಾರೆ. ಮಲೆನಾಡಿನ ಸಾಗರ, ಸೊರಬದ ಕಡೆ ಆಶ್ವಯುಜದ ಹುಣ್ಣಿಮೆಯ ಭೂಮಿಹುಣ್ಣಿಮೆ ಇದಕ್ಕಿಂತಲೂ ಆಪ್ತವಾದ ಆಚರಣೆ. ಪೈರು ಹೊಡೆಯೊಡೆಯುವ ಆ ಹೊತ್ತಿಗೆ ಭೂಮಿ ಬಸುರಿ, ಬಸುರಿಗೆ ಬಯಕೆಯೂಟ ಬಡಿಸಬೇಕು. ದೀವರ ಮನೆಯ ಹೆಂಗಸರು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ತೆಳುಗೆರೆಗಳಲ್ಲಿ ಚಿತ್ತಾರ ಬರೆದು ‘ಭೂಮಣ್ಣಿ ಬುಟ್ಟಿ’ಯನ್ನು ಸಿದ್ಧಪಡಿಸುತ್ತಾರೆ, ರಾತ್ರಿಯಿಡೀ ಬಗೆಬಗೆಯ ಸೊಪ್ಪು, ತರಕಾರಿ, ಕಡುಬುಗಳನ್ನು ಬೇಯಿಸುತ್ತಾರೆ, ಬೆಳಕು ಹರಿಯುವ ಮುಂಚೆ ಗಂಡಸರು ಅದನ್ನು ಹೊತ್ತು ಹೋಗಿ ಕೂಗು ಹಾಕುತ್ತಾ ಗದ್ದೆಗೆ ಬೀರುತ್ತಾರೆ, ಒಂದು ಎಡೆಯನ್ನು ಮಣ್ಣಿನಲ್ಲಿ ಹೂಳುತ್ತಾರೆ. ಸುಗ್ಗಿ ಕೈಸೇರಿದ ಮೇಲೆ ಸಲ್ಲಿಸುವ ಕೃತಜ್ಞತೆ ಎಲ್ಲೆಡೆಯೂ ಉಂಟು. ಬೆಳೆ ಇನ್ನೂ ಹೊಟ್ಟೆಯಲ್ಲಿರುವಾಗ, ಕೊಡುವುದೋ ಇಲ್ಲವೋ ತಿಳಿಯದಿರುವಾಗಲೇ ಮೊದಲು ಉಣಬಡಿಸುವ ಈ ರೀತಿ ಅಪರೂಪದ್ದು, ಅಂಗುತ್ತರ ನಿಕಾಯದ ಪುಬ್ಬಕಾರಿಯನ್ನು ನೆನಪಿಸುವಂಥದ್ದು.

ಋಣದ ಈ ಭಾಷೆಗೆ ಕತ್ತಲಿನ ಮಗ್ಗುಲೊಂದಿದೆ, ಮತ್ತು ಅದನ್ನು ಬಿಟ್ಟು ಕೃತಜ್ಞತೆಯನ್ನು ಹೊಗಳುವುದು ಪ್ರಾಮಾಣಿಕವಾಗದು. ಹಳಗನ್ನಡದಲ್ಲಿ ‘ಜೋಳದ ಪಾಳಿ’ ಎಂಬ ಮಾತುಂಟು. ಒಡೆಯನ ಜೋಳವನ್ನು ಉಂಡವನು ಹೊತ್ತು ಬಂದಾಗ ಅವನಿಗಾಗಿ ಪ್ರಾಣ ಕೊಡಬೇಕೆಂಬ ಕಟ್ಟು ಅದು, ನಾಡಿನ ವೀರಗಲ್ಲುಗಳ ಹಿಂದಿನ ಬದುಕಿನಲ್ಲಿ ಹಾಸುಹೊಕ್ಕಾಗಿದ್ದ ಕಟ್ಟು. ಪಂಪನ ವಿಕ್ರಮಾರ್ಜುನ ವಿಜಯದ ಕರ್ಣ ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡಲಾರದೆ ಹೋದದ್ದು ಇದೇ ಋಣದಿಂದ. ಓದುಗರು ಅವನಿಗಾಗಿ ಸಾವಿರ ವರ್ಷದಿಂದ ಮರುಗುತ್ತ ಬಂದಿದ್ದಾರೆ, ಆದರೆ ಅವನ ಕೃತಜ್ಞತೆ ಅನ್ಯಾಯದ ಪಕ್ಷದ ಬತ್ತಳಿಕೆಯಲ್ಲಿ ಬಾಣವಾಯಿತೆಂಬುದನ್ನೂ ಅಲ್ಲಗಳೆಯಲಾಗದು. ಕಾವ್ಯದಲ್ಲಿ ಘನವಾಗಿ ಕಂಡ ಈ ಕಟ್ಟು ಹಳ್ಳಿಯ ಗೌಡಿಕೆಯ ಮನೆಯಲ್ಲಿ ಜೀತವಾಯಿತು. ತಂದೆ ಪಡೆದ ಎರಡು ಪಲ್ಲ ರಾಗಿಗೆ ಮಗ ದನದ ಕೊಟ್ಟಿಗೆಯಲ್ಲಿ ಬೆಳೆದು ಮುದುಕನಾಗುವಾಗ, ಓಡಿಹೋಗಬೇಕೆನ್ನಿಸಿದ ಅವನ ಕಾಲನ್ನು ಕಟ್ಟಿಹಾಕಿದ್ದು ಹಗ್ಗಕ್ಕಿಂತ ಹೆಚ್ಚಾಗಿ ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬ ಮಾತು. ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆ ದೇಶದಲ್ಲಿ ಬಂದದ್ದು 1976ರಲ್ಲಿ. ಆ ರಾಗಿಯನ್ನು ಬೆಳೆದವರು ಯಾರು ಎಂದು ಒಮ್ಮೆ ಕೇಳಿದ್ದರೆ ಋಣದ ದಿಕ್ಕು ತಿರುಗಿಬಿಡುತ್ತಿತ್ತು. ಉಂಡವನಿಗಿಂತ ಇಕ್ಕಿದವನೇ ಹೆಚ್ಚಿನ ಋಣಿ ಎಂಬುದು ಬೆಳಕಿಗೆ ಬರುತ್ತಿತ್ತು. ಮಾಡಿದ್ದನ್ನು ಬಲ್ಲವನೇ ಕೃತಜ್ಞನಾದಲ್ಲಿ, ಮಾಡಿದವರು ಯಾರೆಂಬುದನ್ನು ತಪ್ಪಾಗಿ ಬಲ್ಲವನ ಕೃತಜ್ಞತೆ ತಪ್ಪು ವಿಳಾಸಕ್ಕೆ ಹೋದ ಓಲೆಯಂತೆ.

ಹನ್ನೆರಡನೆಯ ಶತಮಾನದ ಶರಣರು ಮತ್ತು ಅವರಿಗಿಂತ ಹಿಂದಿನ ಜೇಡರ ದಾಸಿಮಯ್ಯ ಈ ವಿಳಾಸವನ್ನೇ ತಿದ್ದಲು ಹೊರಟವರು. ನೆಲವೂ ಬೆಳೆಯೂ ಬೀಸುವ ಗಾಳಿಯೂ ಶಿವನ ದಾನವಾಗಿರುವಾಗ ಅವನ್ನುಂಡು ಬೇರೆಯವರನ್ನು ಹೊಗಳುವ ನಾಲಗೆಯ ಮೇಲೆ ನೇಕಾರ ದಾಸಿಮಯ್ಯ ತನ್ನ ಒಂದು ವಚನದಲ್ಲಿ ಕೆರಳಿ ಬೀಳುತ್ತಾನೆ. ಮೇಲುನೋಟಕ್ಕೆ ಅದು ಭಕ್ತಿಯ ಮಾತು, ಆದರೆ ಅನ್ನದಾತನೆಂಬ ಬಿರುದು ಹೊತ್ತ ಪ್ರತಿಯೊಬ್ಬ ಒಡೆಯನ ಸಿಂಹಾಸನವನ್ನೂ ಅದು ಅಲುಗಿಸುತ್ತದೆ, ಏಕೆಂದರೆ ಗಾಳಿ ಕೊಟ್ಟವನಿಗೆ ಹೋಗಬೇಕಾದ ಹೊಗಳಿಕೆಯನ್ನು ಜೋಳ ಅಳೆದುಕೊಟ್ಟವನು ಕಬಳಿಸಬಾರದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಪ್ರಸಂಗ ಇನ್ನಷ್ಟು ಸೂಕ್ಷ್ಮವಾದುದು. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಕಾಳು ಕಾಳಾಗಿ ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ; ದಾಸೋಹವೆಂದರೆ ದುಡಿದದ್ದನ್ನು ತಾನು ದಾಸನೆಂಬ ಭಾವದಿಂದ ಸಮಾಜಕ್ಕೆ ಉಣಬಡಿಸುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಈ ಅತಿಯಾಸೆ ಅರಸರಿಗೆ ಇರಬಹುದು, ಶಿವಭಕ್ತರಿಗೆ ಸಲ್ಲದು, ಮೊದಲಿದ್ದಲ್ಲಿಗೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು. ಬಡತನದ ಆ ಮನೆಯಲ್ಲಿ ಅಕ್ಕಿಗೆ ಸಲ್ಲಿಸಿದ ಗೌರವವೆಂದರೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುವುದು, ಉಳಿದದ್ದು ಇನ್ನೊಬ್ಬರ ಪಾಲೆಂದು ಅರಿಯುವುದು. ಮಡಿಲು ತುಂಬಿದ್ದಕ್ಕೆ ದೇವರಿಗೆ ಕೈಮುಗಿಯುವ ಕೃತಜ್ಞತೆಗಿಂತ ಮಡಿಲನ್ನು ಅರ್ಧಕ್ಕೆ ತಡೆಯುವ ಈ ಕೃತಜ್ಞತೆ ಕಠಿಣವಾದುದು, ಮತ್ತು ಅದನ್ನು ಹೇಳಿದ ದನಿ ಪಂಚಸೂನೆಯ ಲೆಕ್ಕದಲ್ಲಿ ಹೆಸರಿಲ್ಲದೆ ಹೋಗಿದ್ದ ಹೆಂಗಸಿನದು.

ಗೋಡೆ ಮಾತ್ರ ಕಲ್ಯಾಣದೊಂದಿಗೆ ಬೀಳಲಿಲ್ಲ. ಪ್ಲೇಗಿನ ಕಾಲದಲ್ಲಿ ಬೆಳೆದ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಸಾಲುಗಳ ಬೆನ್ನಿಗೆ ಇಂದಿಗೂ ಅಲ್ಲಲ್ಲಿ ಉಳಿದಿರುವ ‘ಕನ್ಸರ್‌ವೆನ್ಸಿ’ ಗಲ್ಲಿಗಳು ‘ವ್ಯವಧಾನ’ಕ್ಕೆ ಸಾಂಖ್ಯರೂ ಊಹಿಸಿರದ ಉದಾಹರಣೆ. ಮುಂಬಾಗಿಲಿನಲ್ಲಿ ರಂಗೋಲಿ, ಹೊಸ್ತಿಲಿಗೆ ಅರಿಶಿನ. ಮಲ ಹೊರುವವರು ಬಂದುಹೋಗುತ್ತಿದ್ದದ್ದು ಹಿಂದಿನ ಓಣಿಯಿಂದ, ಪಾಯಿಖಾನೆಯ ಹಿಂಬದಿಯ ಕಿಂಡಿಯ ಮೂಲಕ, ಮನೆಯವರ ಕಣ್ಣಿಗೆ ಬೀಳದಂತೆ. ಯಹೂದಿಯರಲ್ಲಿ ಶೌಚದ ನಂತರ ದೇಹದ ರಂಧ್ರಗಳು ತೆರೆಯಬೇಕಾದಲ್ಲಿ ತೆರೆದು ಮುಚ್ಚಬೇಕಾದಲ್ಲಿ ಮುಚ್ಚಿದ್ದಕ್ಕೆ ದೇವರನ್ನು ನೆನೆಯುವ ಪ್ರಾರ್ಥನೆಯೊಂದಿದೆ, ದಿನಬಳಕೆಯ ಕೃತಜ್ಞತೆ ಅದಕ್ಕಿಂತ ಕೆಳಗಿನ ಮೆಟ್ಟಿಲಿಗೆ ಇಳಿದಿರಲಾರದು. ಆದರೆ ಆ ಮಲವನ್ನು ಎತ್ತಿದ ಕೈಗೆ ಯಾವ ಧರ್ಮದಲ್ಲಿಯೂ ಮಂತ್ರವಿಲ್ಲ. ಕಾನೂನು 1993ರಲ್ಲಿ, ಮತ್ತೆ 2013ರಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಸೆಪ್ಟೆಂಬರ್ 23ನ್ನು ಪೌರಕಾರ್ಮಿಕರ ದಿನವೆಂದು ಆಚರಿಸಿ ಶಾಲು ಹೊದಿಸುವ ವಾಡಿಕೆಯೂ ಬಂದಿದೆ. ಆದರೆ 2022ರ ಜುಲೈನಲ್ಲಿ ಮುಷ್ಕರ ಹೂಡಿದ ಪೌರಕಾರ್ಮಿಕರು ಕೇಳಿದ್ದು ಶಾಲನ್ನಲ್ಲ, ಕೆಲಸದ ಖಾಯಮಾತಿಯನ್ನು. ಶಾಲು ಋಣದ ಭಾಷೆ, ಖಾಯಮಾತಿ ಸಾಲದ ಭಾಷೆ. ಕೊಡಬೇಕಾದ ಸಾಲವನ್ನು ಕೊಡದೆ ಋಣದ ಮಾತಾಡುವುದು ಕೃತಜ್ಞತೆಯ ಹಳೆಯ ಜಾಣತನ.

ನೀರಿನ ಋಣಕ್ಕೆ ಮರಳಿ ಬಂದರೆ, ಸ್ನಾನಕ್ಕೆ ಮುನ್ನ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಎಂಬ ಏಳು ನದಿಗಳನ್ನು ಬಿಂದಿಗೆಯ ನೀರಿಗೆ ಕರೆಯುವ ಶ್ಲೋಕ ಬಹಳ ಮನೆಗಳಲ್ಲಿ ರೂಢಿಯಲ್ಲಿತ್ತು. ಬೆಂಗಳೂರಿನಲ್ಲಿ ಈ ಶ್ಲೋಕದ ಕಥೆ ಸ್ವಾರಸ್ಯಕರ. 1890ರ ದಶಕದ ಹೆಸರಘಟ್ಟದ ಕೆರೆಯಿಂದಲೂ 1933ರ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ ನಗರಕ್ಕೆ ಬಂದದ್ದು ಅರ್ಕಾವತಿಯ ನೀರು. ಅಂದರೆ ಹಲವು ದಶಕಗಳ ಕಾಲ ಇಲ್ಲಿಯವರು ಅರ್ಕಾವತಿಯಲ್ಲಿ ಮಿಂದು ಕಾವೇರಿಯನ್ನು ಕರೆದರು, ನಂದಿಬೆಟ್ಟದಲ್ಲಿ ಹುಟ್ಟಿ ನಗರದ ಆಸುಪಾಸಿನಲ್ಲಿಯೇ ಹರಿದು ಬಾಯಾರಿಕೆ ನೀಗಿಸಿದ ಆ ಸಣ್ಣ ಹೊಳೆಯ ಹೆಸರು ಶ್ಲೋಕದಲ್ಲಿ ಇರಲೇ ಇಲ್ಲ. 1974ರಲ್ಲಿ ಕಾವೇರಿ ನಿಜವಾಗಿಯೂ ಬಂದಿತು. ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆ ತಳ್ಳಿಸಿಕೊಂಡು, ಸುಮಾರು 100 ಕಿಲೋಮೀಟರ್ ದೂರವನ್ನೂ ಸುಮಾರು 500 ಮೀಟರ್ ಎತ್ತರವನ್ನೂ ದಾಟಿ ನಲ್ಲಿಗೆ ಇಳಿಯುತ್ತದೆ; 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರದ್ದೇ ದಿನಕ್ಕೆ 775 ದಶಲಕ್ಷ ಲೀಟರ್. ಹಗಲೂ ರಾತ್ರಿ ತಿರುಗುವ ಪಂಪುಗಳ ಪಾಳಿ ಕೆಲಸದವರು, ಒಡೆದ ಕೊಳವೆಯ ಗುಂಡಿಗೆ ನಡುರಾತ್ರಿ ಇಳಿಯುವ ಕೂಲಿಗಳು, ಬೇಸಿಗೆಯಲ್ಲಿ ನಾಲೆಗೆ ನೀರು ಬಿಡಿ ಎಂದು ರಸ್ತೆಗಿಳಿಯುವ ಮಂಡ್ಯದ ರೈತರು, ನದಿಯ ಕೆಳದಂಡೆಯ ತಮಿಳುನಾಡಿನ ಗದ್ದೆಗಳು ಎಲ್ಲವೂ ಆ ನಲ್ಲಿಯ ಹಿಂದಿವೆ. ಶ್ಲೋಕ ಹೇಳಿ ಕರೆದಾಗ ಬಾರದೆ ವಿದ್ಯುತ್ತಿನಿಂದ ಎತ್ತಿದಾಗ ಬಂದ ಕಾವೇರಿಯನ್ನು ಕರೆಯುವ ಅಭ್ಯಾಸ ಅಷ್ಟರಲ್ಲಿ ಅನೇಕ ಮನೆಗಳಲ್ಲಿ ಬಿಟ್ಟುಹೋಗಿತ್ತು.

ಅರ್ಕಾವತಿಯ ಗತಿ ಬೇರೆಯಾಯಿತು. ನಗರದ ಮತ್ತು ಕಾರ್ಖಾನೆಗಳ ಕೊಳಕು ಸೇರಿ ಕೆಟ್ಟ ತಿಪ್ಪಗೊಂಡನಹಳ್ಳಿಯ ನೀರನ್ನು ಕುಡಿಯಲು ಪೂರೈಸುವುದು 2010ರ ದಶಕದಲ್ಲಿ ನಿಂತುಹೋಯಿತು. ಬೆಂಗಳೂರು ಮಿಂದು ಬಿಟ್ಟ ನೀರಿನ ಒಂದು ಪಾಲು ವೃಷಭಾವತಿಯಲ್ಲಿ ನೊರೆಯೆದ್ದು ಹರಿದು, ಕನಕಪುರದ ಕಡೆ ಅರ್ಕಾವತಿಯನ್ನು ಕೂಡಿ, ಮೇಕೆದಾಟಿಗೆ ಮುಂಚೆ ಸಂಗಮವೆಂಬಲ್ಲಿ ಕಾವೇರಿಯನ್ನು ಸೇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಜನ ಅಲ್ಲಿಗೂ ಬಂದು ಮುಳುಗುಹಾಕಿ, ಅದೇ ಏಳು ಹೆಸರುಗಳನ್ನು ಹೇಳುತ್ತಾರೆ.